ಕೇಂದ್ರದ ತನಿಖಾ ಸಂಸ್ಥೆಯ ಮೇಲೆ ನನ್ನಂಥವನು ದಾವೆ ಹೂಡಬಹುದೇ?

ಶಿಡ್ಲಘಟ್ಟದ ರೀಲರ್:

ಆರು ಬೇಸಿನ್, ನಾಲ್ವರು ಕೆಲಸದವರು, ಒಂದು ಹಳೆಯ ಬಾಯ್ಲರ್. ಗೂಡಿನಿಂದ ನೂಲು ತೆಗೆಯುವ ನನ್ನ ರೇಷ್ಮೆ ಕಾರ್ಖಾನೆ ಇಷ್ಟೇ. ಏಳು ತಿಂಗಳ ಹಿಂದೆ ಒಂದು ಮಂಗಳವಾರ ಬೆಳಗಿನ ಜಾವ ಐದು ಗಂಟೆಗೆ ಐವರು ಬಾಗಿಲು ತಟ್ಟಿದರು. ಯಾರೂ ಸಮವಸ್ತ್ರದಲ್ಲಿರಲಿಲ್ಲ. ನಾನು ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಒಬ್ಬರು ತೋರಿಸಿದ ಗುರುತಿನ ಚೀಟಿ ಮತ್ತೆ ಜೇಬಿಗೆ ಸೇರಿತ್ತು. ಕೇಂದ್ರದ ತನಿಖಾ ಸಂಸ್ಥೆಯವರು, ಒಂದು ಗಂಟೆಯ ವಿಚಾರಣೆ ಎಂದರು. ಕರೆದುಕೊಂಡು ಹೋದದ್ದು ಬೆಂಗಳೂರಿಗೆ. ಬಿಟ್ಟದ್ದು ಗುರುವಾರ ಮಧ್ಯಾಹ್ನ ಮೂರಕ್ಕೆ. ಅವರು ಹುಡುಕುತ್ತಿದ್ದವನಿಗೂ ನನಗೂ ಹೆಸರು ಒಂದೇ, ತಂದೆಯ ಹೆಸರು ಬೇರೆ. ಅದನ್ನು ನಾನು ಜೀಪಿನಲ್ಲೇ ಹೇಳಿದ್ದೆ.

ಕಾಗದ ಒಂದನ್ನೂ ಕೊಡಲಿಲ್ಲ. ಮೊಬೈಲ್ ಇನ್ನೂ ಅವರ ಬಳಿಯೇ ಇದೆ. ಸೋಮವಾರ ಹರಾಜಿನಲ್ಲಿ ಹಿಡಿದ ಎರಡು ಲಾಟ್ ಗೂಡು ಮನೆಯಲ್ಲಿತ್ತು. ಯಜಮಾನನನ್ನೇ ಹಿಡಿದುಕೊಂಡು ಹೋದರೆಂದು ಕೆಲಸದವರು ಹೆದರಿ ಬರಲಿಲ್ಲ. ನಾನು ಮರಳುವಷ್ಟರಲ್ಲಿ ಪತಂಗಗಳು ಗೂಡು ಕೊರೆದು ಹೊರಬರಲು ಶುರುವಾಗಿತ್ತು. ತೂತು ಬಿದ್ದ ಗೂಡಿನಿಂದ ಎಳೆ ಬರುವುದಿಲ್ಲ, ಕಸದ ಬೆಲೆಗೆ ಕೊಟ್ಟೆ.

ಹಣ ಬೇಡವೆಂದು ಸುಳ್ಳು ಹೇಳುವುದಿಲ್ಲ. ಆದರೆ ಮೊದಲು ಬೇಕಾದದ್ದು 'ಈತನನ್ನು ತಪ್ಪಾಗಿ ಕರೆದೊಯ್ದಿದ್ದೆವು' ಎಂಬ ಒಂದು ಕಾಗದ. ನೂಲು ಕೊಳ್ಳುವ ವ್ಯಾಪಾರಿ ಮುಂಗಡ ಕೊಡುವುದನ್ನು ನಿಲ್ಲಿಸಿದ್ದಾನೆ. ಅಮೆರಿಕದಲ್ಲಿ ಜನ ಫೆಡರಲ್ ಅಧಿಕಾರಿಗಳ ಮೇಲೆಯೇ ಕೇಸು ಹಾಕುತ್ತಾರೆ ಎಂದು ಭಾವಮೈದನ ಮಗ ಹೇಳುತ್ತಾನೆ. ನಮ್ಮಲ್ಲಿ? ಆ ಐವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ.

ಚಿಕ್ಕಬಳ್ಳಾಪುರದ ವಕೀಲೆ:

ಯಜಮಾನರೇ, ಹಾಕಬಹುದು. ಸಂವಿಧಾನದ 22ನೇ ವಿಧಿಯ ಪ್ರಕಾರ ಬಂಧಿಸಿದವರನ್ನು, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ನೀವು ಅವರ ಕೈಯಲ್ಲಿದ್ದದ್ದು 58 ಗಂಟೆ. ಬಂಧನದ ಮೆಮೊ ಬರೆಯಬೇಕು, ಅದಕ್ಕೆ ಸಾಕ್ಷಿಯ ಸಹಿ ಇರಬೇಕು, ಮನೆಯವರಿಗೆ ತಿಳಿಸಬೇಕು ಎಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ.

ದಾರಿ ಎರಡು. ಸಿವಿಲ್ ದಾವೆಗೆ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ಪ್ರಕಾರ ಸರ್ಕಾರಕ್ಕೆ ಎರಡು ತಿಂಗಳ ನೋಟಿಸ್ ಕೊಡಬೇಕು. ಅಕ್ರಮ ಬಂಧನದ ಪರಿಹಾರಕ್ಕೆ ಕಾಲಮಿತಿ ಒಂದೇ ವರ್ಷ. ನೋಟಿಸಿನ ಅವಧಿಯನ್ನು ಆ ವರ್ಷದ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಿಜ. ಆದರೂ ಏಳು ತಿಂಗಳು ಸುಮ್ಮನೆ ಕಳೆದಿದ್ದೀರಿ, ಇನ್ನು ಕೂರಬೇಡಿ. ಇನ್ನೊಂದು, 226ನೇ ವಿಧಿಯಡಿ ಬೆಂಗಳೂರಿನ ಹೈಕೋರ್ಟಿನಲ್ಲಿ ರಿಟ್, ಅಂದರೆ ಹಕ್ಕಿನ ರಕ್ಷಣೆಗೆ ನೇರ ಅರ್ಜಿ. ದಾವೆಯಲ್ಲಾದರೆ ಸರ್ಕಾರ 1964ರ ಕಸ್ತೂರಿಲಾಲ್ ತೀರ್ಪನ್ನು, ಅಂದರೆ ಸಾರ್ವಭೌಮ ಅಧಿಕಾರ ಚಲಾಯಿಸುವಾಗ ನೌಕರರು ಮಾಡಿದ ತಪ್ಪಿಗೆ ಸರ್ಕಾರ ಹೊಣೆಯಲ್ಲ ಎಂಬ ಮಾತನ್ನು, ಗುರಾಣಿಯಾಗಿ ಹಿಡಿಯುತ್ತದೆ. ಮೂಲಭೂತ ಹಕ್ಕಿನ ರಿಟ್ಟಿಗೆ ಆ ಗುರಾಣಿ ಅಡ್ಡಬರದು ಎಂದು 1993ರ ನೀಲಬತಿ ಬೆಹೆರಾ ತೀರ್ಪು ಹೇಳುತ್ತದೆ. ಪೊಲೀಸರ ವಶದಲ್ಲಿ ಮಗನನ್ನು ಕಳೆದುಕೊಂಡ ತಾಯಿ ನೀಲಬತಿ ಬರೆದದ್ದು ಒಂದು ಪತ್ರ. ಅದನ್ನೇ ನ್ಯಾಯಾಲಯ ಅರ್ಜಿಯೆಂದು ತೆಗೆದುಕೊಂಡು ಒಂದೂವರೆ ಲಕ್ಷ ರೂಪಾಯಿ ಕೊಡಿಸಿತು.

ಅಧಿಕಾರಿಗಳ ಹೆಸರು ಗೊತ್ತಿಲ್ಲದಿದ್ದರೂ ತೊಂದರೆಯಿಲ್ಲ, ಎದುರುದಾರ ಭಾರತ ಸರ್ಕಾರ. ತೊಡಕು ಬೇರೆ ಕಡೆ ಇದೆ. 'ಆತ ತಾನಾಗಿಯೇ ಬಂದ, ಚಹಾ ಕುಡಿದು ಹೋದ' ಎಂದು ಅವರು ಪ್ರಮಾಣಪತ್ರ ಹಾಕಿದರೆ ನಿಮ್ಮ ಬಳಿ ಏನಿದೆ? ಸಂಗತಿಯೇ ವಿವಾದದಲ್ಲಿದ್ದರೆ ಹೈಕೋರ್ಟ್ 'ಸಿವಿಲ್ ಕೋರ್ಟಿಗೆ ಹೋಗಿ' ಎಂದು ಕಳುಹಿಸಿಬಿಡಬಹುದು.

ಟೆಕ್ಸಾಸಿನಲ್ಲಿರುವ ತುಮಕೂರಿನವನು:

ಅಣ್ಣ, ನಿಮ್ಮ ಭಾವಮೈದನ ಮಗ ಅರ್ಧ ಮಾತ್ರ ಹೇಳಿದ್ದಾನೆ. 1965ರಲ್ಲಿ ಬ್ರೂಕ್ಲಿನ್‌ನಲ್ಲಿ ವೆಬ್‌ಸ್ಟರ್ ಬಿವೆನ್ಸ್ ಎಂಬಾತನ ಮನೆಗೆ ಫೆಡರಲ್ ಮಾದಕವಸ್ತು ದಳದವರು ವಾರಂಟ್ ಇಲ್ಲದೆ ನುಗ್ಗಿ, ಹೆಂಡತಿ ಮಕ್ಕಳ ಎದುರಿಗೇ ಕೋಳ ಹಾಕಿದರು. ಅವನಿಗೂ ಹೆಸರುಗಳು ಗೊತ್ತಿರಲಿಲ್ಲ. ಹಾಗಾಗಿ ಆ ಪ್ರಕರಣದ ಹೆಸರಿನಲ್ಲೇ 'ಆರು ಮಂದಿ ಅಪರಿಚಿತ ಏಜೆಂಟರು' ಎಂದಿದೆ! 1971ರಲ್ಲಿ ಅವನು ಗೆದ್ದ. ಆಮೇಲೆ ಬಂದ ನ್ಯಾಯಾಧೀಶರು ಆ ಬಾಗಿಲನ್ನು ಮುಚ್ಚುತ್ತಲೇ ಬಂದರು. 2022ರ ಎಗ್‌ಬರ್ಟ್ ತೀರ್ಪಿನ ನಂತರ ಉಳಿದಿರುವುದು ಬಾಗಿಲ ಸಂದು ಮಾತ್ರ.

ಇನ್ನೊಂದು ದಾರಿ, ಫೆಡರಲ್ ನೌಕರರ ತಪ್ಪಿಗೆ ಸರ್ಕಾರದಿಂದಲೇ ಪರಿಹಾರ ಕೇಳುವ 1946ರ ಕಾಯ್ದೆ. ಅದರಲ್ಲಿ ಎರಡು ವರ್ಷದೊಳಗೆ ತಪ್ಪು ಮಾಡಿದ ಸಂಸ್ಥೆಗೇ ಮೊದಲು ಅರ್ಜಿ ಹಾಕಬೇಕು. 2017ರಲ್ಲಿ ಅಟ್ಲಾಂಟಾದಲ್ಲಿ ಎಫ್‌ಬಿಐ ತಪ್ಪು ಮನೆಗೆ ನುಗ್ಗಿತ್ತು. ನಿಮ್ಮದು ತಪ್ಪು ಮನುಷ್ಯ, ಅವರದು ತಪ್ಪು ಮನೆ. ಆ ಕುಟುಂಬದ ಪ್ರಕರಣ 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನಿಂದ ಮತ್ತೆ ಕೆಳಗಿನ ನ್ಯಾಯಾಲಯಕ್ಕೇ ಬಂತು. ನೇರವಾಗಿ ಹೈಕೋರ್ಟಿಗೆ ಹೋಗುವ ನಿಮ್ಮ 226ನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಕೋಲಾರದ ನಿವೃತ್ತ ಶಿರಸ್ತೇದಾರ:

ತಮ್ಮಾ, ಅಮೆರಿಕ ಹಾಗಿರಲಿ. ಕ್ಯಾಮೆರಾ ವಿಷಯವನ್ನು ಇಲ್ಲಿ ಯಾರೂ ಹೇಳಲಿಲ್ಲವಲ್ಲ. 2020ರ ಡಿಸೆಂಬರ್‌ನಲ್ಲಿ ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ, ಠಾಣೆಗಳಲ್ಲಷ್ಟೇ ಅಲ್ಲ, ವಿಚಾರಣೆ ನಡೆಸುವ ಕೇಂದ್ರ ಸಂಸ್ಥೆಗಳ ಕಚೇರಿಗಳಲ್ಲೂ ಸಿಸಿಟಿವಿ ಇರಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದೆ. ದೃಶ್ಯಗಳನ್ನು 18 ತಿಂಗಳು, ಆಗದಿದ್ದರೆ ಕನಿಷ್ಠ ಒಂದು ವರ್ಷವಾದರೂ ಕಾಪಾಡಬೇಕು. ನಿನ್ನದು ಏಳನೇ ತಿಂಗಳು. ವಕೀಲರ ನೋಟಿಸಿಗೂ ಮೊದಲು ನೀನೇ ಒಂದು ಪತ್ರ ಬರೆ. ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗಿನ ದೃಶ್ಯಗಳನ್ನು ಅಳಿಸಬೇಡಿ, ನನ್ನ ಮೊಬೈಲ್ ಯಾವ ಮಹಜರಿನಲ್ಲಿ ಜಪ್ತಿಯಾಗಿದೆ ತಿಳಿಸಿ ಎಂದು. ನೋಂದಾಯಿತ ಅಂಚೆ, ಸ್ವೀಕೃತಿ ಚೀಟಿ ಸಮೇತ. ಕ್ಯಾಮೆರಾ ಕೆಟ್ಟಿತ್ತು ಎಂದು ಉತ್ತರ ಬಂದರೆ ಆ ಉತ್ತರವನ್ನೂ ಜೋಪಾನ ಮಾಡು. ಮೂವತ್ತೆರಡು ವರ್ಷ ಕಡತ ಹೊತ್ತಿದ್ದೇನೆ, ಒಳ್ಳೆಯ ವಾದವಿದ್ದೂ ಒಂದು ಅಂಚೆ ರಸೀದಿ ಇಲ್ಲದೆ ಸೋತವರನ್ನು ನೋಡಿದ್ದೇನೆ.

ಮಾಹಿತಿ ಹಕ್ಕು ನಮಗೆ ಅನ್ವಯಿಸುವುದಿಲ್ಲ ಎಂದು ಅವರು ಹೇಳಬಹುದು. ಮಾನವ ಹಕ್ಕು ಉಲ್ಲಂಘನೆಯ ಮಾಹಿತಿಗೆ ಆ ವಿನಾಯಿತಿ ಇಲ್ಲ, 24ನೇ ಕಲಂ ಓದಿಸು.

ಶಿಡ್ಲಘಟ್ಟದ ರೀಲರ್:

ಹಿರಿಯರು ರಸೀದಿಯ ಮಾತೆತ್ತಿದ ಮೇಲೆ ಒಂದು ನೆನಪಾಯಿತು. ಕಚೇರಿಯ ಗೇಟಿನಲ್ಲಿ ಕಾವಲಿನವನು ಒಂದು ದಪ್ಪ ಪುಸ್ತಕದಲ್ಲಿ ಹೆಸರು ಬರೆಸಿ ಸಹಿ ಹಾಕಿಸಿದ್ದ. ನಾನು ಕನ್ನಡದಲ್ಲೇ ಬರೆದೆ, ತಂದೆಯ ಹೆಸರನ್ನೂ ಸೇರಿಸಿ. ಒಳಗೆ ಬಂದ ಹೊತ್ತು ಏಳೂ ನಲವತ್ತು. ಹೊರಗೆ ಹೋಗುವಾಗ ಯಾರೂ ಸಹಿ ಕೇಳಲಿಲ್ಲ.

ಚಿಕ್ಕಬಳ್ಳಾಪುರದ ವಕೀಲೆ:

ಪತ್ರದಲ್ಲಿ ಆ ಪುಸ್ತಕವನ್ನೂ ಸೇರಿಸಿ. ಮನೆಯಲ್ಲಿ ನೀವು ಬರೆದ ಕನ್ನಡ ಸಹಿಯ ಹಳೆಯ ಕಾಗದ ಏನಿದ್ದರೂ, ರೀಲಿಂಗ್ ಪರವಾನಗಿಯಾದರೂ ಸರಿ, ತೆಗೆದುಕೊಂಡು ಗುರುವಾರ ಬನ್ನಿ. ಆ ಸೋಮವಾರದ ಗೂಡಿನ ಬಿಲ್ ಇದ್ದರೆ ಅದನ್ನೂ ತನ್ನಿ.