ಡಿಶ್‌ವಾಷರಿನ ಮೇಲಿನ ಬುಟ್ಟಿ ತೊಳೆಯುತ್ತಿಲ್ಲ, ಬೆಳಿಗ್ಗೆ ನಲ್ಲಿಯ ದೀಪ ಹತ್ತಿ ಯಂತ್ರ ನಿಲ್ಲುತ್ತದೆ: ಮೋಟರ್ ಬದಲಿಸಲೇಬೇಕೇ?

ಪ್ರಶ್ನೆ: ಕೊನೆಯ ಮಹಡಿ

ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ಕೊನೆಯ ಮಹಡಿಯಲ್ಲಿ ನಮ್ಮ ಮನೆಯಿದೆ. ತಾರಸಿಯ ಟ್ಯಾಂಕ್ ಹೆಚ್ಚುಕಡಿಮೆ ನಮ್ಮ ಅಡುಗೆಮನೆಯ ನೆತ್ತಿಯ ಮೇಲೆಯೇ ಇದೆ. ಕೆಲವು ವರ್ಷಗಳಿಂದ ತಕರಾರಿಲ್ಲದೆ ನಡೆಯುತ್ತಿದ್ದ ಡಿಶ್‌ವಾಷರಿನಲ್ಲಿ ಈಚೆಗೆ ಎರಡು ಮೂರು ತೊಂದರೆಗಳು ಒಟ್ಟಿಗೆ ಕಾಣಿಸಿಕೊಂಡಿವೆ. ಕೆಳಗಿನ ಬುಟ್ಟಿಯ ತಟ್ಟೆ, ಕುಕ್ಕರ್ ಚೆನ್ನಾಗಿಯೇ ತೊಳೆದು ಬರುತ್ತವೆ. ಮೇಲಿನ ಬುಟ್ಟಿಯ ಲೋಟ, ಬಟ್ಟಲುಗಳಲ್ಲಿ ಮಾತ್ರ ಸಾರಿನ ಬೇಳೆಯ ಗಷ್ಟು ಹಾಗೆಯೇ ಉಳಿದಿರುತ್ತದೆ. ಗಾಜಿನ ಲೋಟಗಳ ಮೇಲೆ ಬಿಳಿಯ ಪುಡಿ ಕೂತಿರುತ್ತದೆ. ಬೆಳಿಗ್ಗೆ ಯಂತ್ರ ಹಾಕಿದರೆ ಹಲವು ಸಲ ನೀರಿನ ನಲ್ಲಿಯ ಚಿಹ್ನೆಯ ದೀಪ ಹತ್ತಿ ನಿಂತುಬಿಡುತ್ತದೆ. ರಾತ್ರಿ ಹಾಗಾಗುವುದು ಅಪರೂಪ. ತೊಳೆಯುವಾಗಿನ ಶಬ್ದವೂ ಮೊದಲಿನಂತೆ ಒಂದೇ ಸಮನಾಗಿರದೆ ಏರಿಳಿಯುತ್ತದೆ.

ನೋಡಲು ಬಂದ ತಂತ್ರಜ್ಞರು ಸ್ವಲ್ಪ ಹೊತ್ತು ಶಬ್ದ ಕೇಳಿ, ತೊಳೆಯುವ ಮೋಟರ್ ದುರ್ಬಲವಾಗಿದೆ, ಬದಲಿಸಬೇಕು ಎಂದರು. ಅವರು ಹೇಳಿದ ಮೊತ್ತ ಹೊಸ ಯಂತ್ರದ ಬೆಲೆಯ ಮೂರನೆಯ ಒಂದು ಪಾಲಿಗೆ ಹತ್ತಿರವಿದೆ. ತಳದ ಜಾಲರಿಯನ್ನು ನಾವು ತಪ್ಪದೆ ತೊಳೆಯುತ್ತೇವೆ. ನೀರು ಕಾವೇರಿ ಮತ್ತು ಬೋರ್‌ವೆಲ್‌ನ ಮಿಶ್ರಣ. ಬೇಸಿಗೆಯಲ್ಲಿ ಟ್ಯಾಂಕರ್ ನೀರೂ ಸೇರುತ್ತದೆ. ಎಲ್ಲವೂ ಒಂದರಲ್ಲೇ ಇದೆ ಎನ್ನುವ ಡಿಟರ್ಜೆಂಟ್ ಬಿಲ್ಲೆಗಳನ್ನು ಬಳಸುವುದರಿಂದ, ನೀರಿನ ಗಡಸುತನ ತಗ್ಗಿಸಲು ಯಂತ್ರಕ್ಕೆ ಉಪ್ಪು ಹಾಕುವುದನ್ನು ನಿಲ್ಲಿಸಿದ್ದೇವೆ. ಹಣ ಕೊಡುವ ಮೊದಲು ಮನೆಯಲ್ಲೇ ಪರೀಕ್ಷಿಸಬಹುದಾದದ್ದು ಏನಾದರೂ ಇದೆಯೇ?

ಉತ್ತರ 1: ಕೊಳಾಯಿ ಲೆಕ್ಕ

ನೀವು ಬರೆದದ್ದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ‘ಕೊನೆಯ ಮಹಡಿ’ ಮತ್ತು ‘ಬೆಳಿಗ್ಗೆ’ ಎಂಬ ಎರಡು ವಿವರಗಳು. ಮೋಟರ್ ಕೆಟ್ಟಿದ್ದರೆ ಅದಕ್ಕೆ ಹಗಲು ರಾತ್ರಿಗಳ ಭೇದವಿರುವುದಿಲ್ಲ. ಬೆಳಿಗ್ಗೆ ಎಲ್ಲ ಮನೆಗಳಲ್ಲೂ ಸ್ನಾನ, ಬಟ್ಟೆ ಒಗೆತ ನಡೆಯುವುದರಿಂದ ಟ್ಯಾಂಕಿನ ಮಟ್ಟ ಇಳಿದಿರುತ್ತದೆ, ಕೊಳವೆಗಳಲ್ಲಿ ನೀರು ಹಂಚಿಹೋಗುತ್ತಿರುತ್ತದೆ. ಇದರ ಪೆಟ್ಟು ಮೊದಲು ಬೀಳುವುದು ಕೊನೆಯ ಮಹಡಿಗೆ.

ಹತ್ತು ಮೀಟರ್ ಎತ್ತರದ ನೀರಿನ ಕಂಬ ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ನಿಮ್ಮ ಕಟ್ಟೆಯ ಕೆಳಗಿನ ನಲ್ಲಿಯಿಂದ ಟ್ಯಾಂಕಿನ ನೀರಿನ ಮಟ್ಟಕ್ಕೆ ಬಹುಶಃ ನಾಲ್ಕೈದು ಮೀಟರ್ ಇರಬಹುದು, ಅಂದರೆ ಹೆಚ್ಚೆಂದರೆ ಅರ್ಧ ಬಾರ್. ನೀರು ಹರಿಯತೊಡಗಿದಾಗ ತಿರುವುಗಳಲ್ಲಿ, ವಾಲ್ವ್‌ಗಳಲ್ಲಿ ಅದರಲ್ಲೂ ಒಂದಿಷ್ಟು ಕಳೆದುಹೋಗುತ್ತದೆ. ಯಂತ್ರಗಳು ಸಾಮಾನ್ಯವಾಗಿ ಕೇಳುವ ಕನಿಷ್ಠ ಒತ್ತಡ 0.3ರಿಂದ 0.5 ಬಾರ್. ಅಲ್ಲಿಗೆ ನೀವು ಅಂಚಿನಲ್ಲೇ ನಿಂತಿದ್ದೀರಿ. ನೀರು ಒಳಬಿಡುವ ವಿದ್ಯುತ್ ವಾಲ್ವಿನೊಳಗೆ ಒಂದು ರಬ್ಬರ್ ಪೊರೆಯಿದ್ದು, ಅದನ್ನು ಎತ್ತುವುದು ನೀರಿನ ಒತ್ತಡವೇ ಹೊರತು ವಿದ್ಯುತ್ತಲ್ಲ. ವಿದ್ಯುತ್ತು ಒಂದು ಸಣ್ಣ ರಂಧ್ರವನ್ನು ತೆರೆದುಕೊಡುತ್ತದೆ, ಅಷ್ಟೇ. ಆದ್ದರಿಂದ ಒತ್ತಡ ಕಡಿಮೆಯಾದರೆ ವಾಲ್ವ್ ಅರೆಬರೆ ತೆರೆಯುತ್ತದೆ, ನೀರು ನಿಗದಿತ ಸಮಯದೊಳಗೆ ತುಂಬುವುದಿಲ್ಲ, ದೀಪ ಹತ್ತುತ್ತದೆ.

ಪರೀಕ್ಷೆ ಸುಲಭ. ಪ್ಲಗ್ ತೆಗೆದು, ನಲ್ಲಿ ಮುಚ್ಚಿ, ಯಂತ್ರದ ಪೈಪನ್ನು ನಲ್ಲಿಯಿಂದ ಬಿಚ್ಚಿ, ಬೆಳಗಿನ ಹೊತ್ತಿನಲ್ಲೇ ನಲ್ಲಿಯನ್ನು ಪೂರ್ತಿ ತಿರುಗಿಸಿ ಬಕೆಟ್ಟಿಗೆ ನೀರು ಹಿಡಿಯಿರಿ. ನಿಮಿಷಕ್ಕೆ 10 ಲೀಟರ್ ಬರಬೇಕೆಂದು ಕೈಪಿಡಿಗಳಲ್ಲಿ ಬರೆದಿರುತ್ತಾರೆ. ಪೈಪಿನ ತುದಿಯಲ್ಲೂ ವಾಲ್ವಿನ ಬಾಯಲ್ಲೂ ಬೆರಳಿನ ಉಗುರಿನಷ್ಟು ಸಣ್ಣ ಜಾಲರಿ ಇರುತ್ತದೆ. ಬೋರ್‌ವೆಲ್ ಮರಳೂ ತುಕ್ಕೂ ಅಲ್ಲೇ ಕೂರುತ್ತವೆ. ಇಕ್ಕಳದಿಂದ ಎಳೆದು, ಹಳೆಯ ಬ್ರಶ್ಶಿನಿಂದ ಉಜ್ಜಿ ಮತ್ತೆ ಹಾಕಿ. ಪೈಪಿನ ನಲ್ಲಿ ಕಡೆಯ ತುದಿಯಲ್ಲಿ ದಪ್ಪ ಪ್ಲಾಸ್ಟಿಕ್ ಡಬ್ಬಿಯಿದ್ದರೆ ಅದರೊಳಗೆ ವಿದ್ಯುತ್ ವಾಲ್ವ್ ಇರುತ್ತದೆ. ಅದನ್ನು ನೀರಿನಲ್ಲಿ ಮುಳುಗಿಸಬಾರದು, ಪೈಪನ್ನು ಕತ್ತರಿಸಲೂಬಾರದು.

ಉತ್ತರ 2: ಪಾತ್ರೆ ಪಂಡಿತ

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಮೇಲಿನ ಬುಟ್ಟಿಗೆ ಬೇರೆ ಕಾರಣವೂ ಇರಬಹುದು. ಬಹಳಷ್ಟು ಯಂತ್ರಗಳಲ್ಲಿ ಒಂದೇ ಪಂಪು ಮೇಲಿನ ಮತ್ತು ಕೆಳಗಿನ ರೆಕ್ಕೆಗಳಿಗೆ, ಅಂದರೆ ತಿರುಗುತ್ತಾ ತೂತುಗಳಿಂದ ನೀರು ಚಿಮ್ಮಿಸುವ ತೋಳುಗಳಿಗೆ, ಸರದಿಯಂತೆ ನೀರು ಕೊಡುತ್ತದೆ. ಆ ಸರದಿಯನ್ನು ಬದಲಿಸುವ ಕವಾಟ ಸಿಕ್ಕಿಕೊಂಡರೂ ಮೇಲಿನ ಬುಟ್ಟಿ ಒಣಗಿಯೇ ಉಳಿಯುತ್ತದೆ. ಅದಕ್ಕೂ ಮೊದಲು ಮೇಲಿನ ರೆಕ್ಕೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ವಿದೇಶದ ಕೈಪಿಡಿಗಳು ಹೇಳದ ವಿಷಯವೆಂದರೆ ನಮ್ಮ ಒಗ್ಗರಣೆ: ಸಾಸಿವೆ ಕಾಳು ಆ ತೂತುಗಳಿಗೆ ಅಳತೆ ಮಾಡಿ ಮಾಡಿದಂತೆ ಕೂರುತ್ತದೆ, ನಿಂಬೆಯ ಬೀಜವಂತೂ ರೆಕ್ಕೆಯ ಒಳಗೆ ಸೇರಿದರೆ ಅಲುಗಾಡಿಸಿದಾಗ ಸದ್ದು ಮಾಡುತ್ತದೆ.

ರೆಕ್ಕೆ ತಿರುಗುತ್ತಿದೆಯೇ ಎಂದು ತಿಳಿಯಲು ಅದನ್ನು ಒಂದು ದಿಕ್ಕಿಗೆ ನಿಲ್ಲಿಸಿ, ಬುಟ್ಟಿಯಲ್ಲಿ ಒಂದು ಲೋಟವನ್ನು ಬಾಯಿ ಮೇಲಾಗಿ ಇಟ್ಟು, ಯಂತ್ರ ಸ್ವಲ್ಪ ಹೊತ್ತು ನಡೆದ ಮೇಲೆ ಬಾಗಿಲು ತೆರೆಯಿರಿ. ಲೋಟದಲ್ಲಿ ನೀರು ನಿಲ್ಲದೆ, ರೆಕ್ಕೆಯೂ ಕದಲದೆ ಇದ್ದರೆ ನೀರು ಅಲ್ಲಿಯವರೆಗೆ ಏರುತ್ತಿಲ್ಲ ಎಂದರ್ಥ.

ಶಬ್ದ ಏರಿಳಿಯುವುದು ಪಂಪು ನೀರಿನ ಜೊತೆ ಗಾಳಿಯನ್ನೂ ಎಳೆಯುತ್ತಿರುವುದರ ಲಕ್ಷಣ. ಆರಂಭದ ತಣ್ಣೀರಿನ ಹಂತದಲ್ಲಿ, ಬಿಸಿಯಾಗುವ ಮುನ್ನ, ಬಾಗಿಲು ತೆರೆದು ಒಂದು ಲೀಟರ್ ನೀರನ್ನು ಕೈಯಾರೆ ಸುರಿದು ಮತ್ತೆ ನಡೆಸಿ. ಶಬ್ದ ಸಮನಾದರೆ ಕೊರತೆಯಿರುವುದು ನೀರಿಗೆ. ಸಮನಾಗದಿದ್ದರೆ ಮಾತ್ರ ಕವಾಟದ, ಮೋಟರಿನ ಕಡೆ ಹೋಗೋಣ.

ಉತ್ತರ 3: ಗಡಸು ನೀರು

ಬಿಳಿಯ ಪುಡಿಯ ಬಗ್ಗೆ ಯಾರೂ ಬರೆದಿಲ್ಲ. ಒಂದು ಲೋಟವನ್ನು ವಿನೆಗರ್ ಅಥವಾ ನಿಂಬೆರಸದಿಂದ ಉಜ್ಜಿ ನೋಡಿ. ಹೋದರೆ ಅದು ಸುಣ್ಣದ ಪದರ. ಏನು ಮಾಡಿದರೂ ಹೋಗದೆ ಗಾಜೇ ಮಂಕಾಗಿದ್ದರೆ ಅದು ಗಾಜಿನ ಸವೆತ, ಅದಕ್ಕೆ ಮದ್ದಿಲ್ಲ.

ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವಿಲ್ಲದಾಗ 600ರವರೆಗೆ ಸಲ್ಲುತ್ತದೆ. ಎಲ್ಲವೂ ಒಂದರಲ್ಲೇ ಎನ್ನುವ ಬಿಲ್ಲೆಗಳು ಸಾಮಾನ್ಯವಾಗಿ 21 ಜರ್ಮನ್ ಡಿಗ್ರಿಯವರೆಗೆ (ಇದೂ ಗಡಸುತನದ ಒಂದು ಅಳತೆ), ಅಂದರೆ ಲೀಟರಿಗೆ ಸುಮಾರು 375 ಮಿಲಿಗ್ರಾಂವರೆಗೆ ಮಾತ್ರ ಸಾಕಾಗುತ್ತವೆ. ಅದಕ್ಕಿಂತ ಗಡಸಾದ ನೀರಿಗೆ ಉಪ್ಪು ಬೇಕೇ ಬೇಕು. ಆ ಉಪ್ಪು ಪಾತ್ರೆಗೆ ತಾಗುವುದೇ ಇಲ್ಲ. ಯಂತ್ರದೊಳಗಿನ ರಾಳದ ಮಣಿಗಳು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಸೋಡಿಯಂ ಬಿಡುತ್ತವೆ, ಮಣಿಗಳು ದಣಿದಾಗ ಉಪ್ಪುನೀರು ಅವನ್ನು ತೊಳೆದು ಮತ್ತೆ ಸಜ್ಜುಗೊಳಿಸುತ್ತದೆ. ಅಡುಗೆಯ ಪುಡಿ ಉಪ್ಪು ಬೇಡ, ಕಲ್ಲುಪ್ಪೂ ಬೇಡ. ಒಂದು ಗಟ್ಟಿಯಾಗುತ್ತದೆ, ಇನ್ನೊಂದರಲ್ಲಿ ಮಣ್ಣಿರುತ್ತದೆ.

ನೀರು ಶುದ್ಧೀಕರಣದವರು ತರುವ ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿದ ಒಟ್ಟು ಲವಣಗಳ ಅಂದಾಜನ್ನಷ್ಟೇ ಕೊಡುತ್ತದೆ, ಗಡಸುತನವನ್ನು ಅಳೆಯುವುದಿಲ್ಲ. ಪರೀಕ್ಷಾ ಪಟ್ಟಿ ತಂದು ಅಳೆದು, ಆ ಅಂಕಿಗೆ ತಕ್ಕಂತೆ ಯಂತ್ರದಲ್ಲಿ ಗಡಸುತನದ ಮಟ್ಟವನ್ನು ಹೊಂದಿಸಿ.

ಪ್ರಶ್ನೆ ಕೇಳಿದವರು: ಕೊನೆಯ ಮಹಡಿ

ಎಲ್ಲರಿಗೂ ಧನ್ಯವಾದ. ಹೇಳಿದ್ದನ್ನೆಲ್ಲ ಮಾಡಿ ನೋಡಿದೆ. ಬೆಳಿಗ್ಗೆ ಒಂದು ನಿಮಿಷದಲ್ಲಿ ಬಕೆಟ್ಟಿಗೆ ನಾಲ್ಕು ಲೀಟರೂ ಬರಲಿಲ್ಲ. ವಾಲ್ವಿನ ಜಾಲರಿಯಲ್ಲಿ ಕೆಂಪು ಮರಳು ಗಟ್ಟಿಯಾಗಿ ಕೂತಿತ್ತು. ರೆಕ್ಕೆಯಿಂದ ಸಾಸಿವೆ ಹೊರಬಿದ್ದದ್ದನ್ನು ಕಂಡು ಮನೆಯವರೆಲ್ಲ ನಕ್ಕರು. ಇವೆರಡನ್ನೂ ತೊಳೆದ ಮೇಲೆ ಮೇಲಿನ ಬುಟ್ಟಿ ಸುಧಾರಿಸಿದೆ. ಆದರೂ ಬೆಳಗಿನ ಹೊತ್ತು ಶಬ್ದದ ಏರಿಳಿತ ಉಳಿದಿದೆ. ಒಂದು ಲೀಟರ್ ನೀರು ಸುರಿದಾಗ ಅದು ನಿಲ್ಲುತ್ತದೆ. ಲೋಟದ ಬಿಳುಪು ನಿಂಬೆರಸಕ್ಕೆ ಹೋಯಿತು, ಪಟ್ಟಿ 25 ಜರ್ಮನ್ ಡಿಗ್ರಿಗಿಂತ ಹೆಚ್ಚು ತೋರಿಸಿತು. ಉಪ್ಪು ತುಂಬಿದ್ದೇನೆ. ಒತ್ತಡಕ್ಕೆ ಸಣ್ಣ ಪಂಪು ಹಾಕಿಸುವುದು ಸರಿಯೇ?

ಉತ್ತರ 4: ಕೊಳಾಯಿ ಲೆಕ್ಕ

ಸರಿ, ಆದರೆ ಪಂಪಿನ ಬಗೆಯನ್ನು ನೋಡಿ ಕೊಳ್ಳಿ. ನೀರಿನ ಹರಿವನ್ನು ಕಂಡು ಚಾಲೂ ಆಗುವ ಪಂಪುಗಳಿವೆ. ಟ್ಯಾಂಕ್ ನೆತ್ತಿಯ ಮೇಲೆಯೇ ಇದ್ದು ವಾಲ್ವ್ ಅರೆ ತೆರೆದಾಗ ಹರಿವು ಎಷ್ಟು ಕ್ಷೀಣವಾಗಿರುತ್ತದೆಂದರೆ, ಅವು ಏಳದೆ ಸುಮ್ಮನಿರುವುದುಂಟು. ಕೊಳವೆಯಲ್ಲಿ ಒತ್ತಡವನ್ನು ಮೊದಲೇ ಹಿಡಿದಿಟ್ಟಿರುವ, ಒತ್ತಡ ಇಳಿದಾಗ ಚಾಲೂ ಆಗುವ ಬಗೆಯದು ನಿಮಗೆ ಹೊಂದುತ್ತದೆ. ಒಂದು ಒಂದೂವರೆ ಬಾರ್ ಧಾರಾಳವಾಯಿತು. ಟ್ಯಾಂಕಿನಿಂದ ಬರುವ ಅಡುಗೆಮನೆಯ ಕೊಳವೆಗೆ ಮಾತ್ರ ಜೋಡಿಸಿ. ಜಲಮಂಡಳಿಯ ಕೊಳವೆಯಿಂದ ಪಂಪಿನಲ್ಲಿ ನೇರವಾಗಿ ನೀರೆಳೆಯುವುದಕ್ಕೆ ಅನುಮತಿಯಿಲ್ಲ. ಟ್ಯಾಂಕನ್ನು ಎತ್ತರಿಸುವ ಸಲಹೆಯನ್ನೂ ಯಾರಾದರೂ ಕೊಟ್ಟಾರು, ಆದರೆ ಒಂದೂವರೆ ಮೀಟರ್ ಎತ್ತರಿಸಿದರೂ ಸಿಗುವುದು 0.15 ಬಾರ್ ಮಾತ್ರ.

ಪಂಪು ಬರುವವರೆಗೆ ಯಂತ್ರವನ್ನು ರಾತ್ರಿ ಹೊತ್ತಿನಲ್ಲೇ ನಡೆಸಿ. ಒಂದು ಲೀಟರ್ ನೀರಿಗೆ ಶಬ್ದ ಸರಿಹೋಗುವ ಮೋಟರನ್ನು ಬದಲಿಸಲು ನನಗಂತೂ ಕಾರಣ ಕಾಣುವುದಿಲ್ಲ. ಆ ತಂತ್ರಜ್ಞರು ಮತ್ತೆ ಬಂದರೆ, ವಿದ್ಯುತ್ ಮೀಟರಿನಲ್ಲಿ (ಮಲ್ಟಿಮೀಟರ್) ಮೋಟರಿನ ಸುರುಳಿಯ ರೋಧವನ್ನು (ರೆಸಿಸ್ಟೆನ್ಸ್) ಅಳೆದು ತೋರಿಸಿರೆಂದು ಕೇಳಿ.