ಡೆಲಿವರಿಯವರಿಗೆ ಟಿಪ್ ಕೊಡಬೇಕಾ? ದೊಡ್ಡಮ್ಮನ ಪ್ರಶ್ನೆಗೆ ಉದ್ದನೆಯ ಉತ್ತರ

ದೊಡ್ಡಮ್ಮ, ಬೆಳಿಗ್ಗೆ ನೀವು ನಮ್ಮ ಮನೆಯವರ ಗ್ರೂಪಲ್ಲಿ ಹಾಕಿದ ಊಟದ ಆರ್ಡರ್ ಬಿಲ್ ನೋಡಿದೆ. "ಡೆಲಿವರಿ ಚಾರ್ಜ್ ತಗೊಂಡಿದ್ದಾರೆ, ಪ್ಲಾಟ್‌ಫಾರ್ಮ್ ಫೀ ಅಂತ ಬೇರೆ ತಗೊಂಡಿದ್ದಾರೆ, ಇಷ್ಟಾದ ಮೇಲೆ ಟಿಪ್ ಯಾಕಪ್ಪ ಕೊಡಬೇಕು" ಅಂತ ಕೇಳಿದ್ರಿ. ಜಯನಗರದ ಚಿಕ್ಕಪ್ಪ "ಸಂಬಳ ಕೊಡಬೇಕಾದ್ದು ಕಂಪನಿ, ನಾವು ಅಭ್ಯಾಸ ಮಾಡಿಸಬಾರದು" ಅಂದ್ರು. ನ್ಯೂಜೆರ್ಸಿ ಅಕ್ಕ "ಇಲ್ಲಿ ನೂರಕ್ಕೆ ಇಪ್ಪತ್ತು ಹಾಕದಿದ್ರೆ ಊಟ ಮನೆಗೇ ಬರಲ್ಲ" ಅಂತ ಬರೆದ್ಳು. ಮೂರು ಜನರ ಮಾತಿಗೂ ಒಟ್ಟಿಗೇ ಉತ್ತರ ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಕೇಳ್ಕೊಳ್ಳಿ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಕೊಡಿ. ಆದ್ರೆ ಬಿಲ್ ಮೊತ್ತ ನೋಡಿ ಅಲ್ಲ, ದೂರ, ಮಳೆ, ಮಹಡಿ ನೋಡಿ ಕೊಡಿ. ಊಟ ಕೈಗೆ ಬಂದ ಮೇಲೆ ಕೊಡಿ. ಎಲ್ಲಕ್ಕಿಂತ ಮುಂಚೆ ಗೇಟಲ್ಲಿ ಅವರ ಟೈಮ್ ಹಾಳು ಮಾಡೋದು ನಿಲ್ಲಿಸಿ, ಯಾಕಂದ್ರೆ ನಾವು ಕೊಡೋ ಟಿಪ್ಪೆಲ್ಲ ಅಲ್ಲೇ ಸೋರಿ ಹೋಗ್ತಿದೆ.

ಈಗ ಆ ಬಿಲ್ ಬಿಡಿಸೋಣ. ಪ್ಯಾಕಿಂಗ್ ಚಾರ್ಜ್ ಹೋಟೆಲಿನವರದು. ಊಟದ ಮೇಲಿನ 5% ಜಿಎಸ್‌ಟಿ ಸರ್ಕಾರಕ್ಕೆ, ಅದನ್ನ 2022ರ ಜನವರಿಯಿಂದ ಆ್ಯಪ್‌ನವರೇ ಕಟ್ಟುತ್ತಾರೆ. ಪ್ಲಾಟ್‌ಫಾರ್ಮ್ ಫೀ ಪೂರ್ತಿ ಕಂಪನಿಗೆ. 2023ರಲ್ಲಿ 2 ರೂಪಾಯಿ ಅಂತ ಶುರುವಾಗಿದ್ದು 2025ರ ಹೊತ್ತಿಗೆ 10 ದಾಟ್ತು. ಅದರಲ್ಲಿ ಒಂದು ಪೈಸೆನೂ ಊಟ ತಂದುಕೊಟ್ಟವರ ಹೆಸರಲ್ಲಿ ಇರಲ್ಲ. ಇನ್ನು ಡೆಲಿವರಿ ಚಾರ್ಜ್. ಎಲ್ಲರೂ ಎಡವೋದು ಇಲ್ಲೇ. ನೀವು ಕಟ್ಟಿದ 40 ರೂಪಾಯಿ ನೇರವಾಗಿ ರೈಡರ್ ಜೇಬಿಗೆ ಹೋಗಲ್ಲ. ಅವರ ದುಡ್ಡಿನ ಲೆಕ್ಕವೇ ಬೇರೆ. ಎಷ್ಟು ಕಿಲೋಮೀಟರ್, ಯಾವ ಹೊತ್ತು, ಆ ಏರಿಯಾದಲ್ಲಿ ಎಷ್ಟು ಆರ್ಡರ್ ಇದೆ ಅನ್ನೋದರ ಮೇಲೆ ಕಂಪನಿ ಪ್ರತಿ ಆರ್ಡರ್‌ಗೆ ಒಂದು ಮೊತ್ತ ಕಟ್ಟುತ್ತೆ. ಹಾಗಾಗಿ ಜೊಮ್ಯಾಟೊ ಗೋಲ್ಡೋ ಸ್ವಿಗ್ಗಿ ಒನ್ನೋ ಮೆಂಬರ್‌ಶಿಪ್ ಇದ್ದು ನಿಮಗೆ ಡೆಲಿವರಿ ಫ್ರೀ ಆದ್ರೂ ಅವರಿಗೆ ದುಡ್ಡು ಬರುತ್ತೆ. ಹಾಗೇ ನೀವು 60 ಕಟ್ಟಿದ ಮಾತ್ರಕ್ಕೆ ಅವರಿಗೆ 60 ಸಿಗುತ್ತೆ ಅಂತಾನೂ ಇಲ್ಲ. ಆ ಇಡೀ ಬಿಲ್ಲಲ್ಲಿ ಪೂರ್ತಿಯಾಗಿ ಅವರಿಗೇ ಅಂತ ಇರೋದು ಟಿಪ್ ಅನ್ನೋ ಸಾಲು ಒಂದೇ.

ಚಿಕ್ಕಪ್ಪ, ಅಭ್ಯಾಸದ ಮಾತು ಹೇಳಿದ್ರಲ್ಲ, ಅದಕ್ಕೆ ಕಂಪನಿಯವರೇ ಕೊಟ್ಟ ಲೆಕ್ಕ ಇದೆ. 2025ರ ಡಿಸೆಂಬರ್ 25 ಮತ್ತು 31ಕ್ಕೆ ರೈಡರ್‌ಗಳು ಮುಷ್ಕರ ಮಾಡಿದ್ರಲ್ಲ, ಆ ಗದ್ದಲದ ಹಿಂದೆಯೇ, 2026ರ ಜನವರಿ ಮೊದಲ ವಾರ, ಜೊಮ್ಯಾಟೊ ಸಂಸ್ಥಾಪಕ ದೀಪಿಂದರ್ ಗೋಯಲ್ ಒಂದಷ್ಟು ಅಂಕಿ ಹೊರಗಿಟ್ಟರು. 2025ರಲ್ಲಿ ಟಿಪ್ ಬಿಟ್ಟು ಗಂಟೆಗೆ ಸರಾಸರಿ ಗಳಿಕೆ 102 ರೂಪಾಯಿ. ದಿನಕ್ಕೆ 10 ಗಂಟೆ, ತಿಂಗಳಿಗೆ 26 ದಿನ ದುಡಿದ್ರೆ ಸುಮಾರು 26,500. ಅದರಲ್ಲಿ ಪೆಟ್ರೋಲು, ಗಾಡಿ ರಿಪೇರಿಗೆ ಐದನೇ ಒಂದು ಭಾಗ ಹೋಗಿ ಕೈಗೆ ಉಳಿಯೋದು 21,000ದ ಆಸುಪಾಸು. ಟಿಪ್ ಎಷ್ಟು ಗೊತ್ತಾ? ಗಂಟೆಗೆ 2 ರೂಪಾಯಿ 60 ಪೈಸೆ. ನೂರು ಆರ್ಡರ್‌ನಲ್ಲಿ ಟಿಪ್ ಬರೋದು ಐದಕ್ಕೆ ಮಾತ್ರ. ಬಾಗಿಲಲ್ಲಿ ಕೈಗೆ ಕೊಡೋ ನೋಟು ಈ ಲೆಕ್ಕದಲ್ಲಿ ಬರಲ್ಲ, ಅದು ನಿಜ. ಆದ್ರೂ ಇಪ್ಪತ್ತು ಆರ್ಡರ್‌ನಲ್ಲಿ ಹತ್ತೊಂಬತ್ತಕ್ಕೆ ಆ್ಯಪ್‌ನ ಟಿಪ್ ಬಟನ್ ಮುಟ್ಟೋದೇ ಇಲ್ಲ ಅಂದ್ಮೇಲೆ ನಾವು ಯಾರಿಗೂ ಅಭ್ಯಾಸ ಮಾಡಿಸಿಲ್ಲ ಚಿಕ್ಕಪ್ಪ. ಆ ಟಿಪ್ಪಿನ 100% ರೈಡರ್‌ಗೇ ಹೋಗುತ್ತೆ, ಆನ್‌ಲೈನಲ್ಲಿ ದುಡ್ಡು ದಾಟಿಸೋಕೆ ಆಗೋ ಪೇಮೆಂಟ್ ಗೇಟ್‌ವೇ ಖರ್ಚನ್ನೂ ತಾವೇ ಹೊರುತ್ತೇವೆ ಅಂತಾನೂ ಅವರು ಆಗಲೇ ಹೇಳಿದ್ರು.

ಆ 102 ರೂಪಾಯಿಯನ್ನ ನೆನಪಲ್ಲಿ ಇಟ್ಕೊಳ್ಳಿ. ನಮ್ಮ ಅಪಾರ್ಟ್‌ಮೆಂಟ್ ಗೇಟಲ್ಲಿ ಏನಾಗುತ್ತೆ ನೋಡಿ. ರೈಡರ್ ಬಂದು ನಿಲ್ತಾರೆ. ಸೆಕ್ಯೂರಿಟಿಯವರು ಫ್ಲಾಟ್ ನಂಬರ್ ಕೇಳಿ, ಬಂದವರನ್ನ ಒಳಗೆ ಬಿಡಲಾ ಅಂತ ಮನೆಯವರನ್ನ ಕೇಳೋ ಮೈಗೇಟ್ ಆ್ಯಪ್‌ನಲ್ಲಿ ಹಾಕ್ತಾರೆ. ಒಳಗಿನವರು ಫೋನ್ ಚಾರ್ಜಿಗಿಟ್ಟು ಟೀವಿ ಮುಂದೆ ಇರ್ತಾರೆ, ಅಪ್ರೂವ್ ಒತ್ತೋರಿಲ್ಲ. ರೈಡರ್ ಹೆಲ್ಮೆಟ್ ಎತ್ತಿ ಹಣೆ ಮೇಲಿಟ್ಕೊಂಡು ಫೋನ್ ಮಾಡ್ತಾರೆ, ರಿಂಗ್ ಆಗ್ತಾನೇ ಇರುತ್ತೆ. ಕೊನೆಗೆ ಒಳಗೆ ಬಿಟ್ರೆ ಗಾಡಿ ಗೇಟಲ್ಲೇ ನಿಲ್ಲಿಸಿ ನಡ್ಕೊಂಡು ಹೋಗಿ ಅಂತಾರೆ. ಬ್ಲಾಕ್ ಯಾವುದು ಅಂತ ಬೋರ್ಡ್ ಕಾಣಲ್ಲ. ಸರ್ವಿಸ್ ಲಿಫ್ಟಲ್ಲಿ ಕಸದ ಡಬ್ಬ ಇಳೀತಿರುತ್ತೆ. ಇದರಲ್ಲಿ ಹತ್ತು ನಿಮಿಷ ಹೋದ್ರೆ ಗಂಟೆಗೆ 102ರ ಲೆಕ್ಕದಲ್ಲಿ ಅವರು ಕಳ್ಕೊಂಡಿದ್ದು 17 ರೂಪಾಯಿ. ಆಮೇಲೆ ನಾವು ಬಾಗಿಲು ತೆಗೆದು 20 ಕೊಟ್ರೆ ನಿಜವಾಗಿ ಕೊಟ್ಟಿದ್ದು 3 ರೂಪಾಯಿ.

ಅದಕ್ಕೆ ಆರ್ಡರ್ ಮಾಡೋ ಮುಂಚೆ ಒಂದೇ ಸಲ ಕೂತು ಇಷ್ಟು ಸರಿ ಮಾಡ್ಕೊಳ್ಳಿ. ಆ್ಯಪ್‌ನಲ್ಲಿ ವಿಳಾಸಕ್ಕೆ ಹೋಗಿ ಮ್ಯಾಪ್ ಮೇಲಿನ ಪಿನ್ ಎಳೆದು, ಡೆಲಿವರಿಯವರನ್ನ ಒಳಗೆ ಬಿಡೋ ಗೇಟಿನ ಮೇಲೇ ನಿಲ್ಲಿಸಿ. ಪಿನ್ ಹಿಂದಿನ ರಸ್ತೆಯಲ್ಲಿ ಬಿದ್ದಿದ್ರೆ, ಬೆಂಗಳೂರಲ್ಲಿ ಒನ್‌ವೇ ಸುತ್ತಿ ಬರೋಕೆ ಒಂದೂವರೆ ಕಿಲೋಮೀಟರ್ ಜಾಸ್ತಿ ಆಗೋದು ಸಾಮಾನ್ಯ. ವಿಳಾಸದ ಸಾಲಲ್ಲಿ ಬ್ಲಾಕ್, ಮಹಡಿ, ಫ್ಲಾಟ್ ನಂಬರ್ ಮೂರೂ ಇರಲಿ. ಮೈಸೂರಿನ ನಮ್ಮ ಹಳೇ ಮನೆಗಳ ಥರ ಕ್ರಾಸ್ ನಂಬರ್ ಮಾತ್ರ ಇದ್ರೆ "ಬೇವಿನ ಮರದ ಎದುರು, ಹಸಿರು ಗೇಟು" ಅಂತ ಒಂದು ಗುರುತು ಸೇರಿಸಿ. ಆರ್ಡರ್ ಹಾಕಿದ ತಕ್ಷಣ ಮೈಗೇಟ್‌ನಲ್ಲಿ ಪ್ರೀ-ಅಪ್ರೂವ್ ಕೊಟ್ಬಿಡಿ. ಫೋನ್ ಸೈಲೆಂಟ್‌ನಿಂದ ತೆಗೀರಿ. ರಾತ್ರಿ ಆದ್ರೆ ಹೊರಗಿನ ಲೈಟ್ ಹಾಕಿ. ಟಿಪ್ ಕೊಡೋ ಶಕ್ತಿ ಇಲ್ಲದವರೂ, ಪಿಜಿಯಲ್ಲಿರೋ ನಮ್ಮ ಮಕ್ಕಳೂ, ಇಷ್ಟು ಮಾಡಿದ್ರೆ ಸಾಕು, ಸಂಕೋಚ ಬೇಡ.

ಎಷ್ಟು ಕೊಡಬೇಕು? ಶೇಕಡಾ ಲೆಕ್ಕ ನಮ್ಮಲ್ಲಿ ಅರ್ಥವಿಲ್ಲದ್ದು. 120 ರೂಪಾಯಿ ಇಡ್ಲಿ ವಡೆ ಆಗಲಿ, 1,800 ರೂಪಾಯಿ ಬಿರಿಯಾನಿ ಆಗಲಿ, ಸುಡೋ ಪೆಟ್ರೋಲು ಒಂದೇ. ಮೂರ್ನಾಲ್ಕು ಕಿಲೋಮೀಟರ್ ಒಳಗಿನ ಮಾಮೂಲಿ ಆರ್ಡರ್‌ಗೆ 20 ಸರಿ. ಸಣ್ಣ ಆರ್ಡರ್, ಪಕ್ಕದ ರಸ್ತೆಯ ಹೋಟೆಲು ಅಂದ್ರೆ 10 ಕೊಟ್ರೂ ಕಡಿಮೆ ಅಲ್ಲ. ಐದಾರು ಕಿಲೋಮೀಟರ್ ದಾಟಿದ್ರೆ, ಲಿಫ್ಟ್ ಇಲ್ಲದ ಮೂರನೇ ಮಹಡಿ ಆದ್ರೆ, ರಾತ್ರಿ ಹನ್ನೊಂದರ ಮೇಲಾದ್ರೆ 30ರಿಂದ 40. ಮೇ ತಿಂಗಳ ಸಂಜೆ ಮಳೆ ಹೊಡೀತಿದ್ದು, ಅಂಡರ್‌ಪಾಸಲ್ಲಿ ನೀರು ನಿಂತಿದ್ರೆ 50ಕ್ಕೆ ಕಮ್ಮಿ ಮಾಡಬೇಡಿ. ಅವತ್ತು ಜಾರಿ ಬಿದ್ರೆ ಗಾಡಿ ರಿಪೇರಿ ಅವರ ಕೈಯಿಂದಲೇ. ಹಬ್ಬದ ದಿನ, ಹದಿನೈದು ಜನಕ್ಕೆ ಊಟ ತರಿಸಿದಾಗ 100 ಕೊಡಿ, ಎರಡು ಕೈಯಲ್ಲಿ ಚೀಲ ಹಿಡಿದು ಬರ್ತಾರೆ. ಹೆಣ್ಣುಮಕ್ಕಳೂ ಈಗ ಈ ಕೆಲಸದಲ್ಲಿದ್ದಾರೆ, ಬಾಗಿಲಲ್ಲಿ ಒಂದು ಲೋಟ ನೀರು ಬೇಕಾ ಅಂತ ಯಾರನ್ನಾದ್ರೂ ಕೇಳಿ, ಅದಕ್ಕೆ ದುಡ್ಡಾಗಲ್ಲ.

ಯಾವ ದಾರೀಲಿ ಕೊಡೋದು? ಮೂರಿದೆ. ಆ್ಯಪ್‌ನಲ್ಲಿ ಆರ್ಡರ್ ಹಾಕುವಾಗಲೇ ಬಿಲ್ ಪುಟದಲ್ಲಿ 20, 30, 50ರ ಥರ ಬಟನ್ ಇರುತ್ತೆ, ಊಟ ಬಂದ ಮೇಲೆ ರೇಟಿಂಗ್ ಕೇಳೋ ಪುಟದಲ್ಲೂ ಸಿಗುತ್ತೆ. ನಾನು ಹೇಳೋದು ಊಟ ಬಂದ ಮೇಲೆ ಒತ್ತೋದನ್ನೇ. ಮೊದಲೇ ಒತ್ತಿದ್ರೆ ಬೇಗ ಬರುತ್ತೆ ಅಂತ ಲೆಕ್ಕ ಹಾಕಬೇಡಿ, ತಡ ಆಗೋದು ಹೆಚ್ಚಾಗಿ ಹೋಟೆಲ್ ಅಡುಗೆಮನೆಯಲ್ಲಿ. ಇನ್ನೊಂದು, ಹಿಂದಿನ ಸಲದ ಟಿಪ್ ಈ ಸಲವೂ ತಾನಾಗೇ ಸೇರ್ಕೊಂಡಿದೆಯಾ ಅಂತ ಪೇ ಒತ್ತೋ ಮುಂಚೆ ನೋಡ್ಕೊಳ್ಳಿ, ದೊಡ್ಡಮ್ಮ. ಎರಡನೇ ದಾರಿ ಯುಪಿಐ. ರೈಡರ್ ನಿಮಗೆ ಕಾಲ್ ಮಾಡಿದ ನಂಬರಿಗೆ ದುಡ್ಡು ಕಳಿಸೋಕೆ ಹೋಗಬೇಡಿ, ಅದು ಅವರ ನಂಬರ್ ಅಲ್ಲ, ಕಂಪನಿ ಮಧ್ಯೆ ಇಟ್ಟಿರೋ ನಂಬರ್. ಅವರ ಫೋನಲ್ಲೇ ಕ್ಯೂಆರ್ ತೋರಿಸೋಕೆ ಹೇಳಬೇಕು. ಅವರ ಮುಂದಿನ ಆರ್ಡರ್ ಆಗಲೇ ಬಂದು ಅವಸರದಲ್ಲಿದ್ರೆ ನಿಲ್ಲಿಸಬೇಡಿ, ಆಮೇಲೆ ಆ್ಯಪ್‌ನಲ್ಲಿ ಹಾಕಿ. ಮೂರನೇದು ನಗದು. ಬಾಗಿಲ ಹತ್ತಿರದ ಡಬ್ಬಿಯಲ್ಲಿ ಹತ್ತು, ಇಪ್ಪತ್ತರ ನೋಟು, 20 ರೂಪಾಯಿ ನಾಣ್ಯ ಹಾಕಿಟ್ಕೊಳ್ಳಿ, ಇದೇ ಎಲ್ಲಕ್ಕಿಂತ ಬೇಗ.

ಕ್ಯಾಶ್ ಆನ್ ಡೆಲಿವರಿ ಮಾಡೋರು ಇದನ್ನ ಗಮನಿಸಿ. 386 ರೂಪಾಯಿ ಬಿಲ್ಲಿಗೆ 500ರ ನೋಟು ಕೊಟ್ಟು ಚಿಲ್ಲರೆ ಹುಡುಕಿಸಬೇಡಿ. ಆ ದುಡ್ಡು ಕಂಪನಿಯದು, ರೈಡರ್ ಅದನ್ನ ಲೆಕ್ಕ ಒಪ್ಪಿಸಿ ಜಮಾ ಮಾಡಬೇಕು, ಕೈಯಲ್ಲಿ ನಗದು ಒಂದು ಮಿತಿ ಮೀರಿದ್ರೆ ಜಮಾ ಮಾಡೋವರೆಗೂ ಆರ್ಡರ್ ನಿಂತು ಹೋಗುತ್ತೆ. 386ನ್ನ ಬೇರೆ ಎಣಿಸಿ ಕೊಟ್ಟು, ಆಮೇಲೆ "ಇದು ನಿಮಗೆ" ಅಂತ 20 ಬೇರೆ ಕೊಡಿ. ಎಲ್ಲ ಸೇರಿಸಿ ಕೊಟ್ರೆ ಯಾವುದು ಬಿಲ್ಲು ಯಾವುದು ಟಿಪ್ಪು ಅಂತ ಅವರು ಮೆಟ್ಟಿಲ ಮೇಲೆ ನಿಂತು ಎಣಿಸಬೇಕಾಗುತ್ತೆ.

ಸಾಂಬಾರ್ ಚೆಲ್ಲಿದ್ರೆ, ಚಟ್ನಿ ಬರದಿದ್ರೆ ರೈಡರ್‌ಗೆ ಒಂದು ಸ್ಟಾರ್ ಕೊಡೋದು ಅನ್ಯಾಯ. ಪ್ಯಾಕೆಟ್ ಸೀಲ್ ಮಾಡೋರು ಹೋಟೆಲಿನವರು, ರೈಡರ್ ಅದನ್ನ ತೆಗೆದು ನೋಡೋ ಹಾಗಿಲ್ಲ. ಊಟದ ದೂರು ಊಟದ ಕಡೆ ಹಾಕಿ, ಡೆಲಿವರಿ ರೇಟಿಂಗ್ ಬೇರೆ ಇರುತ್ತೆ. ತಡ ಆಗಿದ್ರೂ ಟ್ರ್ಯಾಕಿಂಗಲ್ಲಿ ನೋಡಿ. ಗಾಡಿ ಗುರುತು ಹೋಟೆಲ್ ಮುಂದೆಯೇ ಇಪ್ಪತ್ತು ನಿಮಿಷ ನಿಂತಿದ್ರೆ ಅವರೂ ನಮ್ಮ ಹಾಗೆ ಕಾಯ್ತಿದ್ರು ಅಂತ ಅರ್ಥ.

ಅಕ್ಕ, ನಿಮ್ಮ ಕಡೆಯದು ಬೇರೆಯೇ ವ್ಯವಸ್ಥೆ. ಅಲ್ಲಿ ಆರ್ಡರ್ ಒಪ್ಕೊಳ್ಳೋ ಮುಂಚೆಯೇ ಡ್ರೈವರ್‌ಗೆ ಟಿಪ್ ಸೇರಿಸಿದ ಮೊತ್ತ ಕಾಣುತ್ತೆ, ಕಡಿಮೆ ಇದ್ರೆ ಯಾರೂ ಎತ್ತಲ್ಲ. ಟಿಪ್ ಇಲ್ಲದಿದ್ರೆ ತಡ ಆಗಬಹುದು ಅಂತ ಅಲ್ಲಿನ ಡೆಲಿವರಿ ಆ್ಯಪ್ ಡೋರ್‌ಡ್ಯಾಶ್ 2023ರಲ್ಲಿ ಗ್ರಾಹಕರಿಗೇ ಎಚ್ಚರಿಕೆ ತೋರಿಸೋಕೆ ಶುರು ಮಾಡ್ತು. ಅದಕ್ಕಿಂತ ಕೆಟ್ಟದ್ದು ಅದರ ಹಿಂದೆ ನಡೆದಿತ್ತು. 2019ರವರೆಗೆ ಅವರ ಪದ್ಧತಿ ಹೇಗಿತ್ತು ಅಂದ್ರೆ, ಒಂದು ಆರ್ಡರ್‌ಗೆ 7 ಡಾಲರ್ ಖಾತ್ರಿ ಅಂದುಕೊಳ್ಳಿ. ನೀನು 3 ಡಾಲರ್ ಟಿಪ್ ಹಾಕಿದ್ರೆ ಕಂಪನಿ ತನ್ನ ಕೈಯಿಂದ 4 ಮಾತ್ರ ಕೊಡ್ತಿತ್ತು. ಟಿಪ್ ಹಾಕದಿದ್ರೆ ಪೂರ್ತಿ 7 ಅದೇ ಕೊಡ್ತಿತ್ತು. ಅಂದ್ರೆ ನಿನ್ನ ಟಿಪ್ ಉಳಿಸಿದ್ದು ಕಂಪನಿ ದುಡ್ಡನ್ನ. ಇದೇ ವಿಚಾರಕ್ಕೆ 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಮುಖ್ಯ ಸರ್ಕಾರಿ ವಕೀಲರಾದ ಅಟಾರ್ನಿ ಜನರಲ್ ಜತೆ ಡೋರ್‌ಡ್ಯಾಶ್‌ಗೆ 1 ಕೋಟಿ 67 ಲಕ್ಷದ 50 ಸಾವಿರ ಡಾಲರ್‌ಗೆ ರಾಜಿ ಆಯ್ತು. ನ್ಯೂಯಾರ್ಕ್ ನಗರವಂತೂ 2023ರ ಡಿಸೆಂಬರ್‌ನಿಂದ ಆ್ಯಪ್ ಡೆಲಿವರಿಯವರಿಗೆ ಗಂಟೆಗೆ 17.96 ಡಾಲರ್ ಕನಿಷ್ಠ ಅಂತ ಜಾರಿ ಮಾಡ್ತು, ಟಿಪ್ ಅದರಿಂದ ಹೊರಗೆ. ಟಿಪ್ಪನ್ನ ಸಂಬಳದ ಜಾಗದಲ್ಲಿ ಕೂರಿಸೋದು ಬೇಡ ಅನ್ನೋ ಚಿಕ್ಕಪ್ಪನ ಭಯ ಸುಳ್ಳಲ್ಲ. ನಮ್ಮಲ್ಲೂ 2025ರ ಮೇನಲ್ಲಿ ಉಬರ್ "ಅಡ್ವಾನ್ಸ್ ಟಿಪ್" ಕೇಳಿದಾಗ ನಮ್ಮ ಧಾರವಾಡದ ಸಂಸದರು, ಕೇಂದ್ರ ಗ್ರಾಹಕ ವ್ಯವಹಾರ ಸಚಿವ ಪ್ರಲ್ಹಾದ್ ಜೋಶಿ ಅವರು ವಿಚಾರಣೆಗೆ ಹೇಳಿ, ಗ್ರಾಹಕ ರಕ್ಷಣಾ ಪ್ರಾಧಿಕಾರ ನೋಟಿಸ್ ಕೊಡ್ತು. ಕೆಲಸ ಆಗೋ ಮುಂಚೆ ಕೇಳೋದು ಟಿಪ್ ಅಲ್ಲ.

ಹಾಗಾದ್ರೆ ಕಂಪನಿ ಏನು ಕೊಡಬೇಕು? ಚಿಕ್ಕಪ್ಪ, ಅದಕ್ಕೆ ನಮ್ಮ ರಾಜ್ಯದಲ್ಲೇ ಕಾನೂನು ಬಂದಿದೆ. 2025ರ ಮೇನಲ್ಲಿ ಸುಗ್ರೀವಾಜ್ಞೆ, ಆಗಸ್ಟ್‌ನಲ್ಲಿ ವಿಧಾನಮಂಡಲದ ಒಪ್ಪಿಗೆ. ಪ್ರತಿ ಆರ್ಡರ್‌ಗೆ ರೈಡರ್‌ಗೆ ಕಟ್ಟೋ ಮೊತ್ತದ ಮೇಲೆ 1ರಿಂದ 5% ಕಲ್ಯಾಣ ಶುಲ್ಕವನ್ನ ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಕಾರಣ ತಿಳಿಸಿ 14 ದಿನ ಮುಂಚೆ ನೋಟಿಸ್ ಕೊಡದೆ ಕೆಲಸದಿಂದ ತೆಗೆಯೋ ಹಾಗಿಲ್ಲ. ಆದ್ರೆ ಮೊತ್ತ ನೋಡಿ. ಒಂದು ಆರ್ಡರ್‌ಗೆ 40 ರೂಪಾಯಿ ಅಂದ್ರೆ 5% ಅಂತ ಹಿಡಿದ್ರೂ 2 ರೂಪಾಯಿ, ಅದೂ ಕೈಗಲ್ಲ, ನಿಧಿಗೆ. ನಿಮ್ಮ 20 ರೂಪಾಯಿಯ ಕೆಲಸವನ್ನ ಅದು ಮಾಡಲ್ಲ, ಅದರ ಕೆಲಸವನ್ನ ನಿಮ್ಮ 20 ರೂಪಾಯಿ ಮಾಡಲ್ಲ. ಇದಲ್ಲದೆ 2023ರಿಂದ ರಾಜ್ಯದ ಗಿಗ್ ಕಾರ್ಮಿಕರಿಗೆ, ಅಂದ್ರೆ ಹೀಗೆ ಆ್ಯಪ್ ಮೂಲಕ ದುಡಿಯೋರಿಗೆ, ವಿಮೆ ಇದೆ, 2 ಲಕ್ಷ ಜೀವ ವಿಮೆ, 2 ಲಕ್ಷ ಅಪಘಾತ ವಿಮೆ. ನಿಮ್ಮ ಮನೆಗೆ ದಿನಾ ಬರೋ ಪರಿಚಯದ ರೈಡರ್ ಇದ್ರೆ "ಇ-ಶ್ರಮ್ ಕಾರ್ಡ್ ಮಾಡಿಸಿದ್ದೀರಾ" ಅಂತ ಒಂದು ಮಾತು ಕೇಳಿ, ಅದು ಇಂಥ ಕಾರ್ಮಿಕರಿಗೆ ಕೇಂದ್ರ ಸರ್ಕಾರದ ನೋಂದಣಿ ಕಾರ್ಡ್. ಇಲ್ಲ ಅಂದ್ರೆ ಆಧಾರ್, ಬ್ಯಾಂಕ್ ವಿವರ ಹಿಡ್ಕೊಂಡು ಹತ್ತಿರದ ಸೇವಾ ಕೇಂದ್ರಕ್ಕೆ ಹೋಗೋಕೆ ಹೇಳಿ.

ಕೊನೇದು ಚಿಕ್ಕಪ್ಪ, ನೀವು ಅಸೋಸಿಯೇಷನ್ ಕಮಿಟಿಯಲ್ಲಿದ್ದೀರ. ಮುಂದಿನ ಮೀಟಿಂಗಲ್ಲಿ ಎರಡು ವಿಷಯ ಎತ್ತಿ. ಡೆಲಿವರಿಯವರು ಯಾವ ಲಿಫ್ಟ್ ಖಾಲಿ ಇದೆಯೋ ಅದನ್ನ ಬಳಸಲಿ. ಗೇಟ್ ಒಳಗೆ ಕಾಲು ಗಂಟೆ ಬೈಕ್ ನಿಲ್ಲಿಸೋಕೆ ನಾಲ್ಕು ಗಾಡಿಯಷ್ಟು ಜಾಗಕ್ಕೆ ಬಿಳಿ ಗೆರೆ ಹಾಕಿಸಿ, ಪಕ್ಕದಲ್ಲಿ ಬ್ಲಾಕ್‌ಗಳ ನಕ್ಷೆ ದೊಡ್ಡದಾಗಿ ಬರೆಸಿ. ಬೋರ್ಡಿನ ಅಳತೆ, ಅಕ್ಷರದ ಗಾತ್ರ ನಾನು ಬರೆದು ಕಳಿಸ್ತೀನಿ.