‘ವೀಲ್ ವೆಲ್ ಕ್ಲಿಯರೆನ್ಸ್’ ಅಂದರೆ ಯಾವ ತೆರಪು?

ಪ್ರಶ್ನೆ: ಟ್ರಾವೆಲ್ ಟ್ರೇಲರ್‌ನ (ವಾಹನದ ಹಿಂದೆ ಕಟ್ಟಿ ಎಳೆಯುವ, ಒಳಗೆ ವಾಸಿಸಬಹುದಾದ ಗಾಡಿ) ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ದೊಡ್ಡ ಸೈಜಿನ ಟೈರ್ ಹಾಕುವ ಮೊದಲು ವೀಲ್ ವೆಲ್ ಕ್ಲಿಯರೆನ್ಸ್ ನೋಡಿಕೊಳ್ಳಿ’ ಎಂಬ ಸೂಚನೆ ಮತ್ತೆ ಮತ್ತೆ ಬರುತ್ತದೆ. ವೀಲ್ ವೆಲ್‌ಗೆ ‘ಚಕ್ರದ ಗೂಡು’ ಎಂದಿದ್ದೇನೆ. ‘ಮಡ್‌ಗಾರ್ಡ್’ ಎಂದರೂ ನಡೆದೀತೆ? ಕ್ಲಿಯರೆನ್ಸ್‌ಗೆ ಅಂತರ, ತೆರಪು, ಸಂದು ಇವುಗಳಲ್ಲಿ ಯಾವುದು ಸೂಕ್ತ? ಎಸ್‌ಟಿ 205/75 ಆರ್ 15 ಎಂಬಲ್ಲಿ 75ನ್ನು ‘ಟೈರಿನ ಎತ್ತರ’ ಎಂದು ಬರೆದದ್ದು ಸರಿಯೇ?

ಉತ್ತರ: ‘ಚಕ್ರದ ಗೂಡು’ ಸೊಗಸಾಗಿದೆ, ಅದನ್ನೇ ಉಳಿಸಿಕೊಳ್ಳಿ. ಮಡ್‌ಗಾರ್ಡ್ ಬೇಡ. ಅದು ಕೆಸರು ಸಿಡಿಯದಂತೆ ಚಕ್ರದ ಮೇಲೆ ಹೊರಗಿನಿಂದ ಕೂರಿಸುವ ತಗಡು. ಗೂಡು ಟ್ರೇಲರ್‌ನ ಮೈಯೊಳಕ್ಕೇ ಸರಿದಿರುವ ಜಾಗ. ಅದರ ಗೋಡೆಯ ಆಚೆ ಬದಿಗೆ ಕಪಾಟು, ವೈರು, ನೀರಿನ ಪೈಪು ಇರುತ್ತವೆ. ಟೈರ್ ಸಿಡಿದು ಟ್ರೆಡ್ (ನೆಲಕ್ಕೆ ತಾಗುವ ರಬ್ಬರ್ ಪದರ) ಕಿತ್ತುಬಂದರೆ ಅದು ಚಾವಟಿಯಂತೆ ಬಡಿದು ಹರಿಯುವುದು ಈ ತೆಳು ಗೋಡೆಯನ್ನೇ. ಓದುಗರಿಗೆ ಆ ಅಪಾಯ ತಿಳಿಯಬೇಕಾದರೆ ‘ಗೂಡು’ ಎಂಬ ಮಾತೇ ಬೇಕು.

75 ಎತ್ತರವಲ್ಲ, ಶೇಕಡಾ ಲೆಕ್ಕ. 205 ಮಿ.ಮೀ. ಟೈರಿನ ಅಗಲ, ರಿಮ್ಮಿನಂಚಿನಿಂದ ಟ್ರೆಡ್‌ವರೆಗಿನ ಪಕ್ಕೆಯ ಎತ್ತರ ಆ ಅಗಲದ ಶೇ. 75. ‘ಆರ್’ ಅಂದರೆ ರೇಡಿಯಲ್, 15 ರಿಮ್ಮಿನ ವ್ಯಾಸ, ಅದು ಮಾತ್ರ ಇಂಚಿನಲ್ಲಿ. ‘ಎಸ್‌ಟಿ’ ಟ್ರೇಲರ್‌ಗೆಂದೇ ಮಾಡಿದ ಟೈರಿನ ಗುರುತು. ಒಟ್ಟು ವ್ಯಾಸ ಬೇಕಾದರೆ 15 ಇಂಚನ್ನು 381 ಮಿ.ಮೀ. ಮಾಡಿಕೊಂಡು, ಪಕ್ಕೆಯ ಎತ್ತರವನ್ನು ಎರಡು ಸಲ ಕೂಡಿ: 688.5 ಮಿ.ಮೀ. ಇದು ಲೆಕ್ಕದ ಅಳತೆ. ತಯಾರಕರ ಪಟ್ಟಿಯಲ್ಲಿ ಕೆಲವು ಮಿ.ಮೀ. ಹೆಚ್ಚುಕಡಿಮೆ ಇರುತ್ತದೆ, ಪಟ್ಟಿಯದನ್ನೇ ನಂಬಬೇಕು.

ಇನ್ನು ಕ್ಲಿಯರೆನ್ಸ್. ‘ತೆರಪು’ ನನಗೆ ಹಿಡಿಸಿದ ಪದ. ‘ಅಂತರ’ ಎಂದರೆ ಎರಡು ಊರುಗಳ ನಡುವಿನದೂ ಆಗಬಹುದು. ತೆರಪು ಅಂದಾಗ ಅಲುಗಾಡಲು ಬಿಟ್ಟ ಖಾಲಿ ಜಾಗ ಎಂಬ ಭಾವ ತಾನಾಗಿ ಬರುತ್ತದೆ. ಆದರೆ ಪದ ಯಾವುದಾದರೂ ಆಗಲಿ, ಒಂಟಿಯಾಗಿ ಬಳಸಿದರೆ ಸೂಚನೆ ಅರ್ಧಕ್ಕೇ ನಿಲ್ಲುತ್ತದೆ. ಇಂಗ್ಲಿಷಿನ ಆ ಒಂದು ಮಾತು ಇಲ್ಲಿ ಮೂರು ಅಳತೆಗಳನ್ನು ಒಟ್ಟಿಗೆ ಹೇಳುತ್ತಿದೆ, ಟೈರ್ ದೊಡ್ಡದಾದಾಗ ಮೂರೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ.

205/75 ಆರ್ 15 ತೆಗೆದು 225/75 ಆರ್ 15 ಹಾಕಿದರು ಎನ್ನಿ. ವ್ಯಾಸ 718.5 ಮಿ.ಮೀ. ಆಯಿತು, 30 ಹೆಚ್ಚು. ಟೈರಿನ ನೆತ್ತಿಗೂ ಗೂಡಿನ ಮಾಡಿಗೂ ನಡುವಿನ ಮೇಲ್ತೆರಪು 15 ಮಿ.ಮೀ. ಕಡಿಮೆಯಾಗುತ್ತದೆ. ಜೋಡಿ ಆಕ್ಸಲ್ ಇದ್ದರೆ ಮುಂದಿನ, ಹಿಂದಿನ ಟೈರ್‌ಗಳ ನಡುತೆರಪು ಪೂರಾ 30 ಕಳೆದುಕೊಳ್ಳುತ್ತದೆ: ಆಕ್ಸಲ್‌ಗಳ ನಡುವೆ 838 ಮಿ.ಮೀ. (33 ಇಂಚು) ಇದ್ದರೆ 149.5 ಇದ್ದದ್ದು 119.5ಕ್ಕೆ ಇಳಿಯುತ್ತದೆ. ಪಕ್ಕದ ತೆರಪು, ರಿಮ್ಮಿನ ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಅದನ್ನು ಆಕ್ಸಲ್ಲಿಗೆ ಬಿಗಿಯುವ ಮುಖದವರೆಗಿನ ದೂರ) ಬದಲಾಗದಿದ್ದರೆ, ಒಳಗೂ ಹೊರಗೂ ಸುಮಾರು 10 ಮಿ.ಮೀ. ಕುಗ್ಗುತ್ತದೆ. ‘ಮೇಲೆ ಕೈ ತೂರುತ್ತದೆ, ಸಾಕು’ ಎಂದು ಟೈರ್ ಬದಲಿಸಿದವರ ಗಾಡಿಯಲ್ಲಿ ಒಳಪಕ್ಕೆ ಸ್ಪ್ರಿಂಗಿಗೆ ಉಜ್ಜುವುದು ಇದರಿಂದಲೇ.

ಕೈಪಿಡಿಯಲ್ಲಿ ಅಳೆಯುವ ಕ್ರಮವನ್ನೂ ಬಿಡಿಸಿ ಬರೆಯಿರಿ. ಟ್ರೇಲರ್‌ಗೆ ಪೂರ್ತಿ ಭಾರ ತುಂಬಿ, ನೀರಿನ ಟ್ಯಾಂಕನ್ನೂ ತುಂಬಿಸಿ, ಸಮನೆಲದಲ್ಲಿ ನಿಲ್ಲಿಸಬೇಕು. ಗೂಡಿನ ಮಾಡಿಗೆ ಟೇಪು ಹಿಡಿದರೆ ಸಾಲದು. ಅಲ್ಲಿ ಕೆಳಕ್ಕೆ ಚಾಚಿರುವ ಸ್ಕ್ರೂ, ಬ್ರಾಕೆಟ್, ತಗಡಿನ ಅಂಚು ಯಾವುದಿದೆಯೋ ಅಲ್ಲಿಗೇ ಅಳತೆ. ಲೀಫ್ ಸ್ಪ್ರಿಂಗ್ (ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಇರುವಲ್ಲಿ ಭಾರ ಹೊತ್ತ ಮೇಲೂ ಸುಮಾರು 75 ಮಿ.ಮೀ. (3 ಇಂಚು) ಮೇಲ್ತೆರಪು ಉಳಿಯಬೇಕೆಂಬುದು ರೂಢಿಯ ಲೆಕ್ಕ. ಆಕ್ಸಲ್ ತಯಾರಕರು ಬೇರೆ ಹೇಳಿದ್ದರೆ ಅದೇ ಕೊನೆಯ ಮಾತು. ಜೋಡಿ ಆಕ್ಸಲ್‌ಗಳ ನಡುವೆ ಈಕ್ವಲೈಸರ್ (ಎರಡರ ಸ್ಪ್ರಿಂಗುಗಳನ್ನೂ ಜೋಡಿಸಿ ಭಾರ ಹಂಚುವ ತೂಗುಕೊಂಡಿ) ಇದ್ದರೆ ಒಂದು ಚಕ್ರ ಮೇಲೇರಿದಾಗ ಇನ್ನೊಂದು ಕೆಳಗಿಳಿಯುತ್ತದೆ, ನಡುತೆರಪೂ ಬದಲಾಗುತ್ತದೆ. ಆದ್ದರಿಂದ ಮೊದಲು ಮುಂದಿನ ಚಕ್ರವನ್ನು, ಆಮೇಲೆ ಹಿಂದಿನದನ್ನು ದಪ್ಪ ಹಲಗೆಯ ಮೇಲೆ ಹತ್ತಿಸಿ ಮತ್ತೆ ಅಳೆಯಬೇಕು.

ಟೈರ್ ಬದಲಿಸದಿದ್ದರೂ ಗೂಡಿನಲ್ಲಿ ಹೊಳೆಯುವ ಉಜ್ಜುಗುರುತು ಕಂಡರೆ ಕಾರಣ ಬೇರೆ: ಸ್ಪ್ರಿಂಗ್ ಚಪ್ಪಟೆಯಾಗಿದೆ, ಇಲ್ಲವೆ ಶ್ಯಾಕಲ್ಲಿನ (ಸ್ಪ್ರಿಂಗಿನ ತುದಿಯನ್ನು ಹಿಡಿದಿರುವ ಕೊಂಡಿ) ಬುಷ್, ಅಂದರೆ ಬೋಲ್ಟಿನ ಸುತ್ತಲಿನ ಕೊಳವೆ, ಸವೆದು ಬೋಲ್ಟಿನ ತೂತು ಉದ್ದಕ್ಕೆ ಹಿಗ್ಗಿದೆ. ಅಲ್ಲಿ ‘ತೆರಪು ಕಡಿಮೆ’ ಎನ್ನಬೇಡಿ, ‘ತೆರಪು ಕುಸಿದಿದೆ’ ಎನ್ನಿ. ದುರಸ್ತಿ ಮಾಡುವವನು ಟೈರ್ ಬಿಟ್ಟು ಸ್ಪ್ರಿಂಗ್ ನೋಡುತ್ತಾನೆ.

ಮೂಲದ ‘ದೊಡ್ಡ ಸೈಜು’ ಎಂಬುದನ್ನೂ ಒಮ್ಮೆ ಪರಿಶೀಲಿಸಿ. ಹೆಚ್ಚು ಭಾರ ಹೊರುವ ಟೈರ್ ಎಂಬ ಅರ್ಥದಲ್ಲೂ ಹಾಗೆ ಬರೆಯುವುದುಂಟು. ಅದೇ 225/75 ಆರ್ 15ರಲ್ಲಿ ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಡಿ 65 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಗಾಳಿಗೆ 1150 ಕೆ.ಜಿ. ಹೊರುತ್ತದೆ, ಇ 80 ಪಿಎಸ್‌ಐಗೆ 1285 ಕೆ.ಜಿ. ಅಳತೆ ಅದೇ ಆದ್ದರಿಂದ ತೆರಪಿನ ಚಿಂತೆ ಬಹುಮಟ್ಟಿಗೆ ಇಲ್ಲ. ರಿಮ್ಮು ಮತ್ತು ಗಾಳಿ ತುಂಬುವ ವಾಲ್ವ್ 80 ಪಿಎಸ್‌ಐ ತಡೆಯುವಂಥದ್ದೇ ಎಂದು ನೋಡಬೇಕು. ಆಕ್ಸಲ್ಲಿನ ಸಾಮರ್ಥ್ಯವಂತೂ ಇದರಿಂದ ಹೆಚ್ಚುವುದಿಲ್ಲ. ಅಲ್ಲಿ ‘ಹೆಚ್ಚು ಭಾರ ಹೊರುವ ಟೈರ್’ ಎಂದೇ ಬರೆಯಿರಿ.